ಮಂಡಿನೋವಿನ ಹಾಡು

ಮಧ್ಯಾಹ್ನ ಎರಡೂವರೆಗೆ ನಮ್ಮೂರಿನಲ್ಲಿ ಯಾರೂ ಏಣಿ ಹತ್ತುವುದಿಲ್ಲ. ಕಾದ ಎಣ್ಣೆಯ ಮುಂದೆ ಕೂರುವುದಿಲ್ಲ, ಮಗುವನ್ನು ಎತ್ತಿಕೊಂಡು ರಸ್ತೆ ದಾಟುವುದಿಲ್ಲ. ಬಸ್ಸಿನ ಡ್ರೈವರು ಎಲ್ಲಿದ್ದಾನೋ ಅಲ್ಲೇ ಗಾಡಿ ನಿಲ್ಲಿಸಿ ಕೆಳಗಿಳಿದು ಮರದ ನೆರಳಿಗೆ ಹೋಗಿ ಕೂರುತ್ತಾನೆ. ಕೊರಿಯಾ ದೇಶದಲ್ಲಿ ಆಗ ಸಂಜೆ ಆರು ಗಂಟೆ. ಅಲ್ಲಿನ ಹೊಸ ಹಾಡುಗಳು ಹೊರಬೀಳುವುದು ಆ ಹೊತ್ತಿಗೇ. ಹಾಡು ಹೊರಬಿದ್ದ ಮೇಲೆ ಅಲ್ಲಿನ ಹುಡುಗ ಹುಡುಗಿಯರು ವಾರಗಟ್ಟಲೆ ಕುಣಿಯುತ್ತಾರೆ, ಇಲ್ಲಿ ನಮ್ಮವರು ಮಲಗುತ್ತಾರೆ. ಅಲ್ಲಿನ ಒಬ್ಬೊಬ್ಬರ ದಣಿವನ್ನು ಇಲ್ಲಿ ಒಬ್ಬೊಬ್ಬರು ಹೊರುತ್ತಾರೆ. ನೀವೂ ಫೋನಿನಲ್ಲಿ ನೋಡಿರಬಹುದು, ಅಷ್ಟು ಕುಣಿದರೂ ಅವರ ಮುಖ ಬಾಡುವುದಿಲ್ಲ. ಬಾಡುವ ಮುಖಗಳು ನಮ್ಮೂರಿನಲ್ಲಿವೆ.

ಯಾಕೆ ಹೀಗೆ, ನಿಮ್ಮೂರಿಗೇ ಯಾಕೆ ಎಂದು ಕೇಳಬೇಡಿ. ಹಾಗೆ ಕೇಳಿ ಬರೆದುಕೊಂಡು ಹೋಗಲು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟು ನಮಗೆ ಸಾಕಾಗಿದೆ. ಬೇರೆ ಊರಿನವರು ಪಂಚಾಂಗ ನೋಡಿ ಮದುವೆ ಇಟ್ಟುಕೊಳ್ಳುತ್ತಾರೆ, ನಾವು ಪಂಚಾಂಗ ನೋಡಿ ಆಮೇಲೆ ಕೊರಿಯಾದ ಕಂಪನಿಗಳು ಏನು ಪ್ರಕಟಿಸಿವೆ ಎಂದೂ ನೋಡುತ್ತೇವೆ. ಶಾಲೆಯ ಹಾಜರಿಯಲ್ಲಿ ಬಂದವರು, ಬಾರದವರು ಅಲ್ಲದೆ ಹೊತ್ತವರು ಎಂದು ಇನ್ನೊಂದು ಗುರುತಿದೆ. ಹಾಡುಗಳ ನಿಜವಾದ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಎಲ್ಲಿ ನೋಯುತ್ತದೋ ಅದೇ ಹಾಡಿನ ಹೆಸರು. ಸೊಂಟದ ಹಾಡು, ಹಿಮ್ಮಡಿ ಹಾಡು, ಎಡಭುಜದ ಹಾಡು. ಸ್ಟೇಷನರಿ ಅಂಗಡಿ ಜಬ್ಬಾರನ ತಾಯಿ ಹೊತ್ತಿರುವ ಹುಡುಗ ಹೋದ ವರ್ಷ ಸೈನ್ಯಕ್ಕೆ ಸೇರಿದ. ಅಲ್ಲಿ ಗಂಡುಮಕ್ಕಳು ಒಂದಷ್ಟು ಕಾಲ ಸೈನ್ಯಕ್ಕೆ ಹೋಗಿಬರಲೇಬೇಕಂತೆ. ಅವತ್ತಿನಿಂದ ಆ ಮುದುಕಿಗೆ ಬೆಳಗ್ಗೆ ಏಳುವಾಗಲೇ ಬೆನ್ನ ಮೇಲೆ ಮೂಟೆ ಹೊತ್ತು ಊರೂರು ನಡೆದಷ್ಟು ಕಾಲುನೋವು. ಅವನು ಹಾಡೋದೇ ವಾಸಿಯಾಗಿತ್ತು ಎನ್ನುತ್ತಾಳೆ.

ನನ್ನ ಹೆಸರು ಸರ್ವಮಂಗಳ. ಪೇಟೆ ಬೀದಿಯ ಕೊನೆಗಿರುವ ಹಿಟ್ಟಿನ ಗಿರಣಿ ನನ್ನದು. ನಮ್ಮ ಯಜಮಾನರು ಊರಿಗೆ ನೀರು ಬಿಡುವ ಕೆಲಸದಲ್ಲಿದ್ದಾರೆ, ಮಾತಿಗಿಂತ ವಾಲ್ವು ತಿರುಗಿಸುವುದೇ ಅವರಿಗೆ ಸುಲಭ. ಮನೆಯಲ್ಲಿ ಯಾರನ್ನು ಹೊತ್ತಿದ್ದಾರೋ ಅವರ ಆಲ್ಬಂ ಒಂದನ್ನು ಕೊಂಡು ದೇವರ ಗೂಡಿನ ಪಕ್ಕ ಇಡುವುದು ನಮ್ಮಲ್ಲಿ ವಾಡಿಕೆ, ಕೇಳುವುದು ಮಾತ್ರ ಇಲ್ಲ. ಆ ಆಲ್ಬಮ್ಮಿನೊಳಗೆ ಹಾಡುಗಾರರ ಪುಟ್ಟ ಫೋಟೊ ಕಾರ್ಡು ಬರುತ್ತದೆ. ಬೇರೆ ಕಡೆ ಅದಕ್ಕಾಗಿ ಜನ ಮೇಲೆ ಬಿದ್ದು ಕಿತ್ತಾಡುತ್ತಾರಂತೆ. ನನ್ನ ಗಿರಣಿಯಲ್ಲಿ ಅದು ಟೋಕನ್ನು. ನಿಮ್ಮ ಗೋಧಿ ಡಬ್ಬದ ಮೇಲೆ ಕೆಂಪು ಕೂದಲಿನ ಹುಡುಗ, ಪಕ್ಕದವರ ರಾಗಿ ಡಬ್ಬದ ಮೇಲೆ ಕಣ್ಣು ಹೊಡೆಯುವ ಹುಡುಗಿ. ಅದಲುಬದಲು ಆದದ್ದು ಇಲ್ಲವೇ ಇಲ್ಲ.

ಇನ್ನೊಂದು ವಾಡಿಕೆಯೂ ಇದೆ, ಅದು ಕಟ್ಟುನಿಟ್ಟು. ಹಾಡುಗಾರರಿಗೆ ನಮ್ಮ ವಿಷಯ ತಿಳಿಸಬಾರದು. ತಿಳಿದರೆ ಅವರಿಗೆ ಹೆಜ್ಜೆ ಎತ್ತಲು ಮನಸ್ಸು ಬರಲಿಕ್ಕಿಲ್ಲ, ಎಳೆಯ ಜೀವಗಳು, ಕೊರಗುತ್ತಾವೆ ಎಂದು ಹಿರಿಯರು ಹೇಳುತ್ತಿದ್ದರು. ಹೊತ್ತವರು ಒಂಥರಾ ಜಂಬದಿಂದಲೇ ಅದನ್ನು ಒಪ್ಪಿಕೊಂಡಿದ್ದರು. ನಾನೂ ಒಪ್ಪಿಕೊಂಡಿದ್ದೆ, ನನ್ನ ಮನೆಗೆ ಬರುವ ತನಕ.

ನಮಗಿರುವುದು ಒಬ್ಬಳೇ ಮಗಳು, ಯಮುನಾ. ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ ಗಿರಣಿಗೆ ಊಟದ ಡಬ್ಬಿ ತಂದವಳು ಗೋಧಿ ಮೂಟೆಗಳ ಮೇಲೆ ಹಾಗೇ ಒರಗಿದಳು. ಖೋಖೋ ಆಡುವ ಹುಡುಗಿ, ಹಾಗೆಲ್ಲ ಒರಗುವವಳಲ್ಲ. ಗಡಿಯಾರ ನೋಡಿದೆ, ಎರಡೂವರೆ. ಜಬ್ಬಾರ ಓಡಿಬಂದು ಫೋನಿನಲ್ಲಿ ಹುಡುಕಿ ಹೇಳಿದ, ಇವತ್ತೇ ಹೊಸದೊಂದು ಗುಂಪು ಶುರುವಾಗಿದೆ, ಟಿನ್ ಲ್ಯಾಂಟರ್ನ್ ಅಂತ, ಆರು ಜನ ಹುಡುಗಿಯರು. ಎಲ್ಲರಿಗಿಂತ ಕಿರಿಯಳ ಹೆಸರು ಮಿರೆ, ಯಮುನಾಗೂ ಅವಳಿಗೂ ಒಂದೇ ವಯಸ್ಸು. ನನ್ನ ಮಗಳು ಹೊತ್ತದ್ದು ಅವಳನ್ನೇ ಎಂದು ಆಮೇಲೆ ನೋವು ಬಂದ ಜಾಗಗಳಿಂದ ಖಾತ್ರಿಯಾಯಿತು. ಬೀದಿಯವರೆಲ್ಲ ಬಂದು ಸಮಾಧಾನ ಹೇಳಿದರು. ಸಣ್ಣ ಕಂಪನಿ, ಹೊಸ ಹುಡುಗೀರು, ಇವೆಲ್ಲ ವರ್ಷ ತುಂಬೋದ್ರೊಳಗೆ ಚದುರಿಹೋಗ್ತಾವೆ ಬಿಡು ಮಂಗಳಾ ಎಂದರು. ನಾನೂ ಹಾಗೇ ಅಂದುಕೊಂಡು ಪರಿಚಯವೇ ಇಲ್ಲದ ಆರು ಹುಡುಗಿಯರು ಸೋಲಲಿ ಎಂದು ಹರಕೆ ಹೊತ್ತೆ.

ಅವರು ಸೋಲಲಿಲ್ಲ. ಮೂರನೆಯ ಹಾಡು ಊರೂರು ಸುತ್ತಿತು. ಅದರ ಮಧ್ಯದಲ್ಲಿ ಆ ಕಿರಿಯಳು ಎಡಮಂಡಿ ಊರಿ ಧೊಪ್ಪನೆ ಕೂತು, ಜಾರಿಕೊಂಡು ಮುಂದೆ ಬಂದು, ಎದ್ದು ನಗುತ್ತಾಳೆ. ಲೋಕದ ಮಕ್ಕಳೆಲ್ಲ ಅದನ್ನು ಅನುಕರಿಸಿ ವಿಡಿಯೊ ಮಾಡಿದರು. ನಮ್ಮೂರಿನಲ್ಲಿ ಅದಕ್ಕೆ ಮಂಡಿನೋವಿನ ಹಾಡು ಎಂದು ಹೆಸರಾಯಿತು, ಯಾಕೆಂದರೆ ನನ್ನ ಮಗಳ ಎಡಮಂಡಿ ಬೆಲ್ಲದಚ್ಚಿನ ಹಾಗೆ ಊದಿಕೊಂಡಿತು. ಅರಿಸಿನದ ಪಟ್ಟು ಹಾಕಿ ಬಟ್ಟೆ ಸುತ್ತಿದರೆ ಅದು ಇಳಿಯುವಷ್ಟರಲ್ಲಿ ಅಲ್ಲಿ ಇನ್ನೊಂದು ಕಾರ್ಯಕ್ರಮ. ಕಾಲೇಜು ನಿಂತಿತು. ಖೋಖೋ ನಿಂತಿತು. ದಿನದಲ್ಲಿ ಒಂದೆರಡು ಸಲ ಎಬ್ಬಿಸಿ ಕೂರಿಸಿ ತುತ್ತು ಇಟ್ಟರೆ, ಅಗಿಯುತ್ತಿರುವಾಗಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ನಮ್ಮ ನಾದಿನಿ ನಾಗವೇಣಿ ಹೊರಗಿನ ಊರಿಗೆ ಕೊಟ್ಟವಳು. ಒಂದು ಸಲ ಬಂದವಳು ಎರಡು ದಿನ ಯಮುನಾಳನ್ನು ನೋಡಿ ಮೂರನೆಯ ದಿನ ಬಾಯಿಬಿಟ್ಟಳು. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಊರಲ್ಲಿ ಏನೇ ಇರ್ಲಿ, ಇವಳದ್ದು ಮಾತ್ರ ಸೋಮಾರಿತನ. ನೀವು ತಲೆ ಮೇಲೆ ಕೂರಿಸ್ಕೊಂಡಿದ್ದೀರಿ. ನಮ್ಮನೇಲಾಗಿದ್ರೆ ಮುಖಕ್ಕೆ ನೀರು ಎರಚಿ ಎಬ್ಬಿಸ್ತಿದ್ವಿ."

ನಾನು ಅವಳ ಬ್ಯಾಗನ್ನು ತಂದು ಜಗಲಿಯ ಮೇಲಿಟ್ಟೆ. "ಎರಡೂವರೆಗೆ ಮುಂಚೆ ಒಂದು ಬಸ್ಸಿದೆ ನಾಗವೇಣಿ, ಆಮೇಲಿಂದು ಲೇಟಾಗುತ್ತೆ" ಎಂದೆ. ಯಜಮಾನರು ನೋಡಿಯೂ ನೋಡದವರ ಹಾಗೆ ವಾಲ್ವಿನ ಕೀಲಿ ಹಿಡಿದು ಹೊರಗೆ ಹೋದರು. ನನ್ನ ಮಗಳನ್ನು ಸೋಮಾರಿ ಅಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ.

ಯಮುನಾಗೆ ಮಾತ್ರ ಆ ಹುಡುಗಿಯ ಮೇಲೆ ಕೋಪವಿರಲಿಲ್ಲ. ಎಚ್ಚರವಿದ್ದ ಸ್ವಲ್ಪ ಹೊತ್ತಿನಲ್ಲಿ ಅವಳ ಸುದ್ದಿಯನ್ನೇ ಹೇಳುತ್ತಿದ್ದಳು. "ಇವತ್ತು ಅವಳು ಹೊಸ ಶೂ ಹಾಕಿದಾಳೆ ಅಮ್ಮ, ಹೆಬ್ಬೆರಳು ಒತ್ತುತ್ತಿದೆ" ಎನ್ನುತ್ತಿದ್ದಳು. ಇನ್ನೊಂದು ದಿನ, "ನಿನ್ನೆಯಿಂದ ಏನೂ ತಿಂದಿಲ್ಲ ಅವಳು. ಪಾಪ, ಅವಳಿಗೇ ಗೊತ್ತಾಗ್ತಿಲ್ಲ" ಎಂದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಾಪ ಯಾರು ಎಂದು ಕೇಳಬೇಕೆನ್ನಿಸುತ್ತಿತ್ತು. ಕೇಳುವಷ್ಟರಲ್ಲಿ ಅವಳು ನಿದ್ದೆಹೋಗಿರುತ್ತಿದ್ದಳು.

ಹೀಗೇ ಮೂರು ವರ್ಷ ಕಳೆಯಿತು. ಒಂದು ಬೆಳಗ್ಗೆ ಗಿರಣಿಯಲ್ಲಿ ಜನ ತುಂಬಿದ್ದಾಗ ಜಬ್ಬಾರ ಬಂದು ಬಾಗಿಲ ಬಳಿ ನಿಂತ. ಊರಿಗೆ ಆಲ್ಬಂ ತರಿಸಿಕೊಡುವವನು ಅವನೇ, ಕಂಪನಿಗಳ ಪ್ರಕಟಣೆ ಓದಿ ಓದಿ ಕೊರಿಯಾ ಭಾಷೆ ಒಂದಿಷ್ಟು ಕಲಿತಿದ್ದ. "ಮಂಗಳಕ್ಕ, ಮಿಷನ್ ನಿಲ್ಲಿಸಿ ಸ್ವಲ್ಪ" ಎಂದ. ನಿಲ್ಲಿಸಿದೆ. "ಟಿನ್ ಲ್ಯಾಂಟರ್ನಿನವರ ಹೊಸ ಹಾಡು ಬರುತ್ತೆ ಮುಂದಿನ ತಿಂಗಳು. ಅದಿರ್ಲಿ. ಅದಾದ ಮೇಲೆ ಪ್ರವಾಸ ಇದೆ. ಜಪಾನು, ಅಮೆರಿಕ, ಯುರೋಪು. ವರ್ಷಪೂರ್ತಿ."

ಡಬ್ಬ ಹಿಡಿದು ನಿಂತಿದ್ದವರೆಲ್ಲ ನನ್ನ ಮುಖ ನೋಡುವುದನ್ನು ಬಿಟ್ಟು ನೆಲ ನೋಡಿದರು. ಪ್ರವಾಸವೆಂದರೆ ಏನೆಂದು ನಮ್ಮೂರಿಗೆ ಗೊತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಗುರುಬಸವಯ್ಯ ಹೊತ್ತಿದ್ದ ಹುಡುಗ ಅಂಥದ್ದೇ ಪ್ರವಾಸಕ್ಕೆ ಹೋಗಿದ್ದ. ಮೇಷ್ಟ್ರು ದಸರಾ ರಜೆಯಲ್ಲಿ ಮಲಗಿದವರು ಮತ್ತೆ ಏಳಲಿಲ್ಲ. ಸಾಯುವಾಗ ಅವರ ಮೈಯಲ್ಲಿ ಏನೂ ಇರಲಿಲ್ಲ, ಎತ್ತಿದವರಿಗೆ ಭಾರವೇ ಆಗಲಿಲ್ಲವಂತೆ. ಆವತ್ತು ಅಲ್ಲಿ ಆ ಹುಡುಗ ಸಾವಿರಾರು ಜನರ ಮುಂದೆ ಹಾಡುತ್ತಿದ್ದ. ನನ್ನ ಮಗಳು ಆಗಲೇ ಹಾಸಿಗೆಗೆ ಅಂಟಿಕೊಂಡಿದ್ದಳು. ವರ್ಷಪೂರ್ತಿ ಎಂದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವತ್ತೇ ಮಧ್ಯಾಹ್ನ ನಾನು ಶೇಷಣ್ಣನ ಹೋಟೆಲಿಗೆ ಹೋದೆ. ಶೇಷಣ್ಣ ಒಂದು ಕಾಲಕ್ಕೆ ಐದು ಹುಡುಗಿಯರ ಗುಂಪಿನಲ್ಲಿ ಒಬ್ಬಳನ್ನು ಹೊತ್ತು ಚಕ್ಕಳವಾಗಿದ್ದವನು. ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಕೂತ, ಹೋಟೆಲಿಟ್ಟ, ಹೊಟ್ಟೆ ಬೆಳೆಸಿದ. ಆ ಹುಡುಗಿ ಗುಂಪು ಬಿಟ್ಟುಹೋಗಿದ್ದಳು. ವಿಡಿಯೊ ಕಾಲಿನಲ್ಲಿ ಶೇಷಣ್ಣ ಅವಳಿಗೆ ಏನೋ ಹೇಳಿದ, ಅದಕ್ಕೇ ಬಿಟ್ಟಳು ಎಂದು ಊರು ಗುಸುಗುಟ್ಟುತ್ತಿತ್ತು. ನಮ್ಮೂರಿನಲ್ಲಿ ಹಾಡು ಕೇಳಿಸುವ ಜಾಗ ಅದೊಂದೇ. ಅವನ ಹೋಟೆಲಿನಲ್ಲಿ ದಿನವಿಡೀ ಆ ಐದು ಜನರ ಹಳೆಯ ಹಾಡುಗಳು ನಡೆಯುತ್ತಿದ್ದವು, ನಾಲ್ಕು ಜನ ಆದಮೇಲಿನದು ಒಂದೂ ಇಲ್ಲ.

"ಕೂತ್ಕೊಳ್ಳಿ ಮಂಗಳಮ್ಮ. ಏನು ಕೊಡ್ಲಿ?" ಎಂದ.

"ಆ ಮಾತು ಕೊಡಿ ಶೇಷಣ್ಣ" ಎಂದೆ.

ಯಾವ ಮಾತು ಎಂದು ಅವನು ಕೇಳಲಿಲ್ಲ. ಚೊಕ್ಕಟವಾಗಿಯೇ ಇದ್ದ ಟೇಬಲ್ಲನ್ನು ಇನ್ನೊಮ್ಮೆ ಒರೆಸಿದ. "ಬೈಬಾರ್ದು" ಎಂದ. "ಕಂಪನಿಯೋರು ಪಕ್ಕದಲ್ಲೇ ನಿಂತಿರ್ತಾರೆ, ಬೈದ್ರೆ ಕಟ್ ಮಾಡ್ತಾರೆ. ಬೈಗುಳ ಅವರಿಗೇನೂ ಹೊಸದಲ್ಲ, ದಿನಾ ತಿಂತಾರೆ. ನಗ್ತಾ ಹೇಳ್ಬೇಕು. ನೀನಿಲ್ದಿದ್ರೂ ನಿಮ್ಮ ಗುಂಪಿಗೆ ಏನೂ ಕಮ್ಮಿಯಾಗಲ್ಲ ಮಗಾ, ಅಂತ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಅದನ್ನ ಅವರೇ ದಿನಾ ತಮಗೆ ತಾವೇ ಹೇಳ್ಕೊಳ್ತಿರ್ತಾರೆ. ಇನ್ನೊಬ್ಬರ ಬಾಯಲ್ಲಿ ಬಂದ್ರೆ ನಂಬಿಬಿಡ್ತಾರೆ."

ನಾನು ಕಾಫಿ ಕುಡಿದೆ. ಹಾಡು ಮುಗಿದು ಇನ್ನೊಂದು ಶುರುವಾಯಿತು. "ಈಗ ನಿದ್ದೆ ಚೆನ್ನಾಗಿ ಬರುತ್ತಾ ನಿಮಗೆ?" ಎಂದು ಕೇಳಿದೆ.

"ಚೆನ್ನಾಗಿ ಬರುತ್ತೆ" ಎಂದ. ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದವನು ತಿರುಗಿ ನಿಂತು, "ಚೆನ್ನಾಗೇ ಬರುತ್ತೆ ಮಂಗಳಮ್ಮ" ಎಂದ. ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ ಎಂದ.

ವಿಡಿಯೊ ಕಾಲು ಸುಮ್ಮನೆ ಸಿಗುವುದಲ್ಲ. ಹೊಸ ಹಾಡು ಬಂದಾಗ ಕಂಪನಿಯವರು ಆಲ್ಬಂ ಕೊಂಡವರಲ್ಲಿ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬಂದವರ ಜೊತೆ ಹಾಡುಗಾರರು ಫೋನಿನಲ್ಲಿ ಮುಖ ತೋರಿಸಿ ಒಂದೂವರೆ ನಿಮಿಷ ಮಾತಾಡುತ್ತಾರೆ. ಹೆಚ್ಚು ಆಲ್ಬಂ ಕೊಂಡರೆ ಹೆಚ್ಚು ಚೀಟಿ. ನಾನು ಕೈಯಲ್ಲಿದ್ದದ್ದನ್ನೆಲ್ಲ ಜಬ್ಬಾರನ ಕೈಗೆ ಹಾಕಿದೆ. ಟೆಂಪೋದಲ್ಲಿ ಪೆಟ್ಟಿಗೆಗಳು ಬಂದವು. ಇಡಲು ಜಾಗವಿಲ್ಲದೆ ಗಿರಣಿಯ ಗೋಡೆಗುಂಟ ಜೋಡಿಸಿದೆವು, ಕೆಲವನ್ನು ಬಂದವರು ಕೂರುವುದಕ್ಕೆ ಮಣೆ ಮಾಡಿದೆ. ಎಲ್ಲಿ ತಿರುಗಿದರೂ ಅದೇ ಆರು ಹುಡುಗಿಯರು ನಗುತ್ತಿದ್ದರು. ಯಜಮಾನರು ಬಂದು ಅದನ್ನೆಲ್ಲ ನೋಡಿ, "ಆ ಹುಡುಗಿ ಬಿಟ್ಟುಹೋದ್ರೆ ನಮ್ಮ ಯಮುನಾ ಏಳ್ತಾಳಾ?" ಎಂದು ಕೇಳಿದರು. ಏಳುತ್ತಾಳೆ ಎಂದೆ. "ಸರಿ ಹಾಗಾದ್ರೆ" ಎಂದು ಆಲ್ಬಮ್ಮುಗಳ ಮೇಲೆ ಬಿದ್ದಿದ್ದ ಹಿಟ್ಟನ್ನು ಟವೆಲ್ಲಿನಿಂದ ಒರೆಸತೊಡಗಿದರು.

ಜಬ್ಬಾರನಿಗೆ ಮಾತು ಹೇಳಿ, ಇದನ್ನು ಅವರ ಭಾಷೆಯಲ್ಲಿ ಕಲಿಸು ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. "ಅಕ್ಕ, ಇದನ್ನ ನಾನೇ ಕಲಿಸ್ಬೇಕಾ?" ಎಂದ.

"ಇನ್ಯಾರು ಕಲಿಸ್ತಾರಪ್ಪ ಈ ಊರಲ್ಲಿ?"

ಕಲಿಸಿದ. ನಾನು ತಪ್ಪಿದಾಗಲೆಲ್ಲ ತಿದ್ದಿದ, ತಿದ್ದುವಾಗ ನನ್ನ ಕಡೆ ನೋಡಲಿಲ್ಲ. "ಚೆನ್ನಾಗಿದೀಯಾ ಅಂತ ಕೇಳೋದನ್ನೂ ಹೇಳಿಕೊಡ್ಲಾ? ಮೊದಲು ಅದನ್ನ ಕೇಳ್ಬೋದು" ಎಂದ. ಬೇಡ, ಇದೊಂದೇ ಸಾಕು, ಬೇರೆ ಏನೂ ಬೇಡ ಎಂದೆ. ಆಮೇಲೆ ದಿನವೂ ಗಿರಣಿ ಓಡುತ್ತಿರುವಾಗ ಆ ಮಾತನ್ನು ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ನನ್ನ ತುಟಿ ನೋಡಿ ದೇವರ ಸ್ತೋತ್ರ ಅಂದುಕೊಂಡಿರಬೇಕು.

ಹೊಸ ಹಾಡು ಬಂದ ದಿನ ಮಧ್ಯಾಹ್ನ ಯಮುನಾಳ ತಲೆ ಬಾಚಿ ಜಡೆ ಹಾಕಿದೆ. ಮಲಗಿದಲ್ಲೇ ಸಿಕ್ಕಾಗದಿರಲಿ ಎಂದು ನಾವು ಹಾಡಿಗೆ ಮುಂಚೆ ಜಡೆ ಬಿಗಿಯಾಗಿ ಹಾಕುತ್ತೇವೆ. "ಈ ಸಲ ಜಾಸ್ತಿ ಅಲ್ವಾ ಅಮ್ಮ?" ಎಂದು ಕೇಳಿದಳು. ಯಾರು ಹೇಳಿದರೋ. ಇಲ್ಲ ಮಗಾ, ಈ ಸಲ ಬೇಗ ಮುಗಿಯುತ್ತೆ ಎಂದೆ. ಅವಳು ತಾನೇ ಎಡಗಾಲಿನ ಕೆಳಗೆ ದಿಂಬು ಸರಿಮಾಡಿಕೊಂಡು ಗಡಿಯಾರದ ಕಡೆ ನೋಡುತ್ತ ಮಲಗಿದಳು. ಹೊತ್ತಾಯಿತು. ಕಣ್ಣು ಮುಚ್ಚಿತು. ನನಗೆ ಅಳು ಬರಲಿಲ್ಲ, ಸುಸ್ತಾಗಿತ್ತು. ಯಾರ ದಣಿವನ್ನೂ ಹೊರದವರಿಗೂ ಸುಸ್ತು ಇರುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಚೀಟಿಯಲ್ಲಿ ನನ್ನ ಹೆಸರು ಬಂತು. ಕರೆ ಬರುವ ದಿನ ಗಿರಣಿ ಮುಚ್ಚಿ ಮನೆಯಲ್ಲೇ ಕೂತೆ. ಮುಖ ತೊಳೆದು ಒಳ್ಳೆಯ ಸೀರೆ ಉಟ್ಟೆ. ಜಬ್ಬಾರ ನಡುಮನೆಯಲ್ಲಿ ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಎದುರಿನ ಕೋಣೆಯಲ್ಲಿ ಯಮುನಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಜಬ್ಬಾರ, "ನಾನು ಆಚೆ ಇರ್ತೀನಿ ಅಕ್ಕ" ಎಂದು ಜಗಲಿಗೆ ಹೋದ.

ಫೋನು ಬೆಳಗಿತು. ಅವಳು ಬಂದಳು. ಎರಡೂ ಕೈ ಆಡಿಸಿ ತಲೆ ಬಗ್ಗಿಸಿ ಏನೋ ಹೇಳಿದಳು. ಮುಖವೋ, ಈಗ ತಾನೇ ಎರೆದು ಕೂರಿಸಿದ ಮಗುವಿನದು. ದಣಿವಿನ ಒಂದು ಗೆರೆಯಿಲ್ಲ. ನನಗೆ ಬೇಕಾದದ್ದೂ ಅದೇ ಆಗಿತ್ತು, ಆ ಮುಖ ನೋಡಿದರೆ ಸಿಟ್ಟು ಬರಲಿ ಎಂದು. ಬಂತು. ನನ್ನ ಮಗಳ ಮೂರು ವರ್ಷ ಅಲ್ಲಿ ಹೊಳೆಯುತ್ತಿತ್ತು. ನಾನು ನಕ್ಕೆ, ಶೇಷಣ್ಣ ಹೇಳಿದ ಹಾಗೆ. ಮಾತಿನ ಮೊದಲ ಪದ ಹೇಳಿದೆ.

ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಕಿವಿಯನ್ನೇ ಫೋನಿನ ಹತ್ತಿರ ತಂದು ಹ್ಞಾ ಎಂದಳು. ಕೇಳಿಸಿಕೊಳ್ಳಲು ಕಾಯುತ್ತ ಹಾಗೇ ಇದ್ದಳು. ಏನೋ ಒಳ್ಳೆಯದನ್ನೇ ಹೇಳುತ್ತಾಳೆ ಈ ಹೆಂಗಸು ಎಂದು ಅವಳಿಗೆ ಅಷ್ಟು ಖಾತ್ರಿಯಿತ್ತು. ಆ ಕಿವಿಯಲ್ಲಿ ಓಲೆ ಚುಚ್ಚಿದ ಜಾಗ ಕೆಂಪಾಗಿ ಕೀವು ಕಟ್ಟಿತ್ತು. ಯಮುನಾ ನಾಲ್ಕು ದಿನದಿಂದ ಬಲಗಿವಿ ಊರಿ ಮಲಗಲಾರದೆ ಇದ್ದಳು, ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಇವಳ ಕಿವಿಗೆ ಯಾರೂ ಏನೂ ಹಚ್ಚಿರಲಿಲ್ಲ. ನೋವಾಗದ ಕಿವಿಯನ್ನು ಯಾರು ನೋಡುತ್ತಾರೆ.

ಮಾತಿನ ಉಳಿದದ್ದು ನನ್ನ ಬಾಯಲ್ಲೇ ಇತ್ತು, ಮರೆತಿರಲಿಲ್ಲ. ಹೇಳಲಿಲ್ಲ. ಆದರೆ ಬೇರೆ ಏನನ್ನಾದರೂ ಹೇಳೋಣವೆಂದರೆ ನನ್ನ ಹತ್ತಿರ ಅವಳ ಭಾಷೆಯ ಇನ್ನೊಂದು ಪದ ಇರಲಿಲ್ಲ. ಚೆನ್ನಾಗಿದ್ದೀಯಾ ಎನ್ನುವುದನ್ನೂ ಬೇಡ ಅಂದವಳು ನಾನೇ. ಹೊತ್ತು ಹೋಗುತ್ತಿತ್ತು. ಫೋನನ್ನು ಕೈಗೆತ್ತಿಕೊಂಡು ಎದುರಿನ ಕೋಣೆಗೆ ನಡೆದೆ. ಯಮುನಾಳ ಹೊದಿಕೆ ಸರಿಸಿ ಎಡಮಂಡಿ ತೋರಿಸಿದೆ, ಅರಿಸಿನದ ಬಟ್ಟೆ ಬಿಚ್ಚಿ ಬಾವು ತೋರಿಸಿದೆ. ಕಿವಿ ತೋರಿಸಿದೆ. ಒಣಗಿದ ಕೈ ಎತ್ತಿ ತೋರಿಸಿದೆ. "ನೋಡವ್ವ, ನೋಡು" ಎಂದೆ ನಮ್ಮ ಮಾತಿನಲ್ಲೇ.

ಅವಳ ನಗು ನಿಂತಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ತನ್ನ ಎಡಗಾಲು ಎತ್ತಿ ಮಂಡಿ ನೋಡಿಕೊಂಡಳು. ಅಲ್ಲಿ ಮೈಬಣ್ಣದ ಪಟ್ಟಿ ಅಂಟಿಸಿದ್ದರು. ಅದರ ಸುತ್ತ ಊದಿತ್ತು. ಬೆರಳಿನಿಂದ ಒತ್ತಿ ನೋಡಿದಳು, ಏನೂ ಅನ್ನಿಸದವರ ಹಾಗೆ ಮತ್ತೆ ಒತ್ತಿದಳು. ಒತ್ತಿದಾಗ ಇಲ್ಲಿ ಯಮುನಾ ನಿದ್ದೆಯಲ್ಲೇ ಹಾ ಎಂದು ನರಳಿದಳು. ಅದು ಅವಳಿಗೆ ಕೇಳಿಸಿತು. ಬೆರಳು ತೆಗೆದುಬಿಟ್ಟಳು.

ನಾನು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು ತಲೆ ವಾಲಿಸಿದೆ. ಮಲಗು ಎಂದು. ಯಾವ ಮಗುವಿಗಾದರೂ ಗೊತ್ತಾಗುವ ಸನ್ನೆ. ಅವಳು ಒಂದು ಸಲ ಪಕ್ಕಕ್ಕೆ ನೋಡಿದಳು, ಅಲ್ಲಿ ಕಂಪನಿಯವರು ಯಾರೋ ಇದ್ದಿರಬೇಕು. ಆಮೇಲೆ ಮೇಜಿನ ಮೇಲೆ ಕೈ ಮಡಿಸಿ ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬೇರೆಯವರು ಆ ಒಂದೂವರೆ ನಿಮಿಷದಲ್ಲಿ ಹಾಡಿಸುತ್ತಾರೆ, ನಗಿಸುತ್ತಾರೆ, ತಮ್ಮ ಹೆಸರು ಹೇಳಿಸಿಕೊಳ್ಳುತ್ತಾರೆ. ನನ್ನದು ಉಳಿದಷ್ಟೂ ಹಾಗೇ ಹೋಯಿತು. ಫೋನಿನಲ್ಲಿ ಅವಳ ನೆತ್ತಿಯ ಬೈತಲೆ ಮಾತ್ರ ಕಾಣುತ್ತಿತ್ತು. ಯಾರೋ ಅವಳ ಹೆಸರು ಕರೆದರು. ಅವಳು ಏಳಲಿಲ್ಲ.

ನನ್ನ ಬೆನ್ನ ಹಿಂದೆ ಮಂಚ ಕಿರ್ ಎಂದಿತು. ಯಮುನಾ ಎದ್ದು ಕೂತಿದ್ದಳು. ಕಾಲು ಕೆಳಗಿಟ್ಟು ನಿಂತಳು. ಗೋಡೆ ಹಿಡಿಯಲಿಲ್ಲ.

"ಅಮ್ಮ, ಹಸಿವಾಗ್ತಿದೆ" ಎಂದಳು.

ಫೋನಿನಲ್ಲಿ ಒಂದು ಕೈ ಬಂದು ಆ ಹುಡುಗಿಯ ಭುಜ ಅಲುಗಿಸಿತು, ಕರೆ ಕಡಿದುಹೋಯಿತು. ಯಮುನಾ ಕೂಡಲೇ ಮಂಚದ ಅಂಚಿಗೆ ಕುಸಿದಳು, ಆದರೆ ಮಲಗಲಿಲ್ಲ. ಯಜಮಾನರು ಹಿತ್ತಲ ಬಾಗಿಲು ಬಿಟ್ಟು ಒಳಗೆ ಬಂದು ಅವಳ ಪಕ್ಕ ಕೂತರು. ನಾನು ಹೋಗಿ ಒಲೆ ಹಚ್ಚಿದೆ. ಮುದ್ದೆ ಕಟ್ಟಿ ಸೊಪ್ಪಿನ ಸಾರು ಮಾಡಿ ಬಡಿಸಿದೆ. ಅರ್ಧ ಮುದ್ದೆ ತಾನೇ ಮುರಿದುಕೊಂಡು ತಿಂದಳು. ಬಾಗಿಲ ಸಂದಿನಿಂದ ನೋಡುತ್ತಿದ್ದ ಜಬ್ಬಾರನಿಗೂ ಒಂದು ತಟ್ಟೆ ಇಟ್ಟೆ.

ಇದೆಲ್ಲ ಆಗಿ ತಿಂಗಳುಗಳಾದವು. ಆ ಹುಡುಗಿ ಗುಂಪು ಬಿಡಲಿಲ್ಲ, ಪ್ರವಾಸ ನಿಲ್ಲಲಿಲ್ಲ. ಆದರೆ ಅವಳು ಸಿಕ್ಕಿದಲ್ಲಿ ಮಲಗುತ್ತಾಳೆ. ವಿಮಾನ ನಿಲ್ದಾಣದ ಕುರ್ಚಿಯಲ್ಲಿ, ಕುಣಿತ ಕಲಿಯುವ ಕೋಣೆಯ ನೆಲದಲ್ಲಿ, ಬಟ್ಟೆ ಬದಲಿಸುವ ಜಾಗದಲ್ಲಿ. ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಮಲಗುತ್ತಾಳೆ, ಕಲಿತ ಪಾಠ ಒಪ್ಪಿಸುವವರ ಹಾಗೆ. ಅಲ್ಲಿ ಅವಳು ಮಲಗಿದರೆ ಇಲ್ಲಿ ಇವಳು ಏಳುತ್ತಾಳೆ. ಯಾವ ಹೊತ್ತಿಗೆ ಎಂದು ಹೇಳುವ ಹಾಗಿಲ್ಲ, ಅದಕ್ಕೇ ಒಲೆಯ ಮೇಲೆ ಏನಾದರೂ ಬಿಸಿಯಾಗಿ ಇಟ್ಟೇ ಇರುತ್ತೇನೆ. ಯಮುನಾಳ ಕೆನ್ನೆ ತುಂಬಿದೆ ಎನ್ನಲಾರೆ. ಮೊನ್ನೆ ಗಿರಣಿಯ ತನಕ ನಡೆದು ಬಂದಳು, ಟೋಕನ್ನು ಹಂಚಿ ಕೂತಳು, ಅರ್ಧ ಗಂಟೆ. ಅಷ್ಟಕ್ಕೆ ಬೀದಿಯವರೆಲ್ಲ ಬೀಸುವುದಿಲ್ಲದಿದ್ದರೂ ಡಬ್ಬ ಹಿಡಿದು ಬಂದಿದ್ದರು.

ಶೇಷಣ್ಣನೂ ಬಂದಿದ್ದ. ವಾಡಿಕೆ ಮುರಿದವಳೆಂದು ಊರಿನ ಹಿರಿಯರು ನನ್ನನ್ನು ಬೈದದ್ದು ಅವನಿಗೆ ಗೊತ್ತಿತ್ತು. ಯಮುನಾಳನ್ನು ನೋಡುತ್ತ ಬಹಳ ಹೊತ್ತು ನಿಂತ. "ಹೇಳಿದ್ರಾ ಮಂಗಳಮ್ಮ, ಆ ಮಾತು?" ಎಂದು ಮೆಲ್ಲಗೆ ಕೇಳಿದ. ಇಲ್ಲ, ಮಲಗು ಅಂತ ಸನ್ನೆ ಮಾಡಿದೆ ಎಂದೆ. ಅವನು ತಲೆಯಾಡಿಸಿದ. "ನಂಗೆ ಅದು ಹೊಳೀಲೇ ಇಲ್ಲ" ಎಂದ. ಹಿಟ್ಟಿನ ಡಬ್ಬ ಇಲ್ಲೇ ಬಿಟ್ಟು ಹೋಗಿಬಿಟ್ಟ, ಸಂಜೆ ಯಜಮಾನರು ಕೊಟ್ಟು ಬಂದರು. ಹೋಟೆಲಿನಲ್ಲಿ ಹಾಡು ನಿಂತಿದೆ ಎಂದು ಬಂದು ಹೇಳಿದರು.

ಆ ಹುಡುಗಿಗೆ ಮಾತ್ರ ಒಳ್ಳೆಯದಾಗಲಿಲ್ಲ. ಅವಳು ಮಲಗಿದ ಫೋಟೊಗಳನ್ನು ಜನ ಹಾಕುತ್ತಾರೆ, ಕೆಳಗೆ ಬರೆಯುತ್ತಾರೆ. ಜಬ್ಬಾರ ಓದಿ ಹೇಳಲು ಹಿಂಜರಿಯುತ್ತಾನೆ, ನಾನು ಬಿಡುವುದಿಲ್ಲ. ಕೊಬ್ಬು, ದುಡಿಯಲು ಬಾರದವಳು, ಉಳಿದವರ ಬೆನ್ನ ಮೇಲೆ ಬದುಕುವವಳು ಎಂದೆಲ್ಲ ಇರುತ್ತದೆ. ಹೊಸ ಹಾಡಿನಲ್ಲಿ ಅವಳನ್ನು ಹಿಂದಿನ ಸಾಲಿಗೆ ನಿಲ್ಲಿಸಿದ್ದಾರೆ. ನೀನಿಲ್ಲದಿದ್ದರೂ ನಡೆಯುತ್ತದೆ ಎಂದು ನಾನು ಹೇಳದೆ ಬಿಟ್ಟದ್ದನ್ನು ಈಗ ಲೋಕವೆಲ್ಲ ಹೇಳುತ್ತಿದೆ. ಅವಳು ಇನ್ನೂ ಬಿಟ್ಟುಹೋಗಿಲ್ಲ. ನಾನು ಜಬ್ಬಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬೊಬ್ಬರಿಗೂ ಉತ್ತರ ಬರೆಸುತ್ತೇನೆ. ಅವನು ಸ್ವಲ್ಪ ಮೆತ್ತಗೆ ಮಾಡಿ ಬರೆಯುತ್ತಾನೆ ಎಂಬ ಅನುಮಾನ ನನಗಿದೆ.

ನಿನ್ನೆ ನಾಗವೇಣಿಯ ಫೋನು ಬಂತು, ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿದೆ. ಬ್ಯಾಗು ಜಗಲಿಗೆ ಬಂದ ಮೇಲೆ ಇದೇ ಮೊದಲು. ಅದೂ ಇದೂ ಮಾತಾಡಿ ಕೊನೆಗೆ, "ಅಲ್ಲ ಅತ್ತಿಗೆ, ಆ ಕೊರಿಯಾದ ಹುಡುಗಿ ಎಲ್ಲಿ ನೋಡಿದ್ರೂ ಬಿದ್ಕೊಂಡಿರ್ತಾಳಂತಲ್ಲ. ನಮ್ಮ ಪಕ್ಕದ್ಮನೆ ಹುಡುಗೀರು ತೋರಿಸಿದ್ರು. ಎಂಥ ಸೋಮಾರಿ ಅಂತೀನಿ" ಎಂದಳು.

"ನಾಗವೇಣಿ, ನನ್ನ ಮಗಳ ವಿಷಯ ಇನ್ನೊಂದು ಸಲ ಹಾಗಂದ್ರೆ ಚೆನ್ನಾಗಿರಲ್ಲ" ಎಂದು ಫೋನಿಟ್ಟೆ.

ಒಳಗಿನಿಂದ ಯಮುನಾಳ ದನಿ ಬಂತು. ಎದ್ದಿದ್ದಳು. "ಅಮ್ಮ, ಅತ್ತೆ ಹೇಳಿದ್ದು ನನ್ನ ಬಗ್ಗೆ ಅಲ್ಲ."

"ಗೊತ್ತು" ಎಂದೆ. "ಬಾ, ಅವಳು ಏಳೋದ್ರೊಳಗೆ ಊಟ ಮಾಡು."